ಬೆಳಗಿನ ಹೊತ್ತಿನ ಕೈ

ಪರದೆಯ ಮೇಲೆ ದೊಡ್ಡದಾಗಿ ಮೂಡಿದ ಔಷಧ ಚೀಟಿಯ ಅಕ್ಷರ ತನ್ನದೇ ಎಂದು ಗೊತ್ತಾಗಲು ಡಾಕ್ಟರ್ ಕನಕರಾಜನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಅವಸರದಲ್ಲಿ ಬರೆದಾಗ ಅವನ ಅಕ್ಷರಗಳೆಲ್ಲ ಬಲಕ್ಕೆ ವಾಲಿ ಒಂದರ ಮೇಲೊಂದು ಬೀಳುತ್ತಿದ್ದವು. ಸಾಲಿನ ಕೊನೆಗೆ ಎಳೆದ ಗೀಟು ಬಾಲದ ಹಾಗೆ ಕೆಳಗಿಳಿಯುತ್ತಿತ್ತು. ಸೀಲು ಇದ್ದ ಜಾಗಕ್ಕೆ ಬಿಳಿ ಪಟ್ಟಿ ಅಂಟಿಸಿದ್ದರು. ಊರಿನ ಹೆಸರಿಲ್ಲ, ಡಾಕ್ಟರ ಹೆಸರಿಲ್ಲ, ರೋಗಿಯ ಹೆಸರೂ ಇಲ್ಲ. ಆದರೂ ಅವನ ಕಿವಿ ಬಿಸಿಯಾದವು.

ಕೊಪ್ಪಳದಲ್ಲಿ ಎರಡು ದಿನದ ತರಬೇತಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿ ಆಸ್ಪತ್ರೆಗಳ ಡಾಕ್ಟರರನ್ನೆಲ್ಲ ಕರೆಸಿದ್ದರು. ಕೀಲುಬೇನೆಯ ರೋಗಗಳನ್ನು ಹಳ್ಳಿಯಲ್ಲೇ ಗುರುತಿಸಬೇಕು, ಬೆರಳು ಸೊಟ್ಟಗಾಗುವ ಮುಂಚೆ ಔಷಧ ಶುರು ಮಾಡಬೇಕು ಎನ್ನುವುದು ಉದ್ದೇಶ. ಕಲಿಸಲು ಹುಬ್ಬಳ್ಳಿಯಿಂದ ಬಂದಿದ್ದ ಡಾಕ್ಟರ್ ರೇಣುಕಾ ಇದೇ ರೋಗಗಳ ತಜ್ಞೆ. ಐವತ್ತರ ಹತ್ತಿರದ, ಗಟ್ಟಿ ದನಿಯ ಹೆಂಗಸು. ಕನಕರಾಜ ಒಲ್ಲದ ಮನಸ್ಸಿನಿಂದಲೇ ಬಂದಿದ್ದ. ಯಲಬುರ್ಗಾ ತಾಲ್ಲೂಕಿನ ತುಪ್ಪದಹಾಳದ ಆಸ್ಪತ್ರೆಗೆ ಅವನೊಬ್ಬನೇ ಡಾಕ್ಟರ್. ಎರಡು ದಿನ ಇಲ್ಲಿ ಕೂತರೆ ಅಲ್ಲಿ ಇನ್ನೂರು ಜನ ಬಂದು ಮರಳಿ ಹೋಗುತ್ತಾರೆ. ಮೂರನೆಯ ದಿನ ಹೊಸಬರ ಜೊತೆ ಆ ಇನ್ನೂರು ಜನವೂ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಏಳು ವರ್ಷದಿಂದ ಹೀಗೇ. ಮುನಿರಾಬಾದಿನ ಡ್ಯಾಂ ಕಾಲೊನಿಯಲ್ಲಿ ಗೇಟು ಕಾಯುತ್ತಿದ್ದ ಓಬಳೆಪ್ಪನ ಮಗ ಡಾಕ್ಟರಾದ ಎಂದು ಅಂದು ಇಡೀ ಕಾಲೊನಿ ಪೇಢೆ ತಿಂದಿತ್ತು. ಮುಂದೆ ಓದುವುದಿರಲಿ, ಒಂದು ವಾರ ರಜೆ ಹಾಕಬೇಕೆಂದರೂ ಬದಲಿ ಡಾಕ್ಟರು ಸಿಗದ ಜಾಗದಲ್ಲಿ ಅವನು ಸಿಕ್ಕಿಕೊಂಡಿದ್ದ.

"ಇದು ಯಾರ ಚೀಟಿ ಅನ್ನೋದು ಮುಖ್ಯ ಅಲ್ಲ," ಅನ್ನುತ್ತಿದ್ದರು ಡಾಕ್ಟರ್ ರೇಣುಕಾ. "ನಮ್ಮೆಲ್ಲಾರದೂ ಹಿಂಗ ಇರತಾವ. ಈ ಹೆಣ್ಣುಮಗಳು ಎರಡು ವರ್ಷದಾಗ ಹನ್ನೊಂದು ಸಲ ಬಂದಾಳ. ಹನ್ನೊಂದು ಸಲಾನೂ ಅದ ಸೂಜಿ, ಅದ ಗುಳಿಗಿ. ಒಂದ ಸಲನರ ಕೈ ಮುಟ್ಟಿ ನೋಡಿದ್ದು ಬರದೈತೇನು, ಹುಡುಕ್ರಿ ನೋಡೂಣು."

ಚೀಟಿಗಳು ಒಂದಾದ ಮೇಲೊಂದು ಬಂದುಹೋದವು. ಪಕ್ಕದಲ್ಲಿ ಕೂತಿದ್ದ ಗಂಗಾವತಿ ಕಡೆಯ ಡಾಕ್ಟರ್ ರಫೀಕ, ಓದುವಾಗಿನಿಂದಲೂ ಗೆಳೆಯ, ಬಾಗಿ ಪಿಸುಗುಟ್ಟಿದ. "ನಿನ್ನ ಅಕ್ಷರ ಇದ್ದಂಗ ಐತಲ್ಲೋ."

"ಎಲ್ಲಾ ಡಾಕ್ಟ್ರ ಅಕ್ಷರಾನೂ ಒಂದ ನಮೂನಿ," ಅಂದ ಕನಕರಾಜ. ರಫೀಕ ನಕ್ಕ.

"ಈಗ ಆ ಹೆಣ್ಣುಮಗಳನ್ನ ಕರೀರಿ," ಅಂದರು ರೇಣುಕಾ.

ಪಕ್ಕದ ಬಾಗಿಲು ತೆರೆದು ನರ್ಸ್ ಒಬ್ಬಳು ಅಮರಮ್ಮನನ್ನು ಒಳಗೆ ಕರೆತಂದಳು. ಮೂವತ್ತು ದಾಟಿರದ ಹೆಂಗಸು. ಮೊದಲಿಗಿಂತ ಸೊರಗಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು, ಕಾಲಡಿಯಲ್ಲಿ ಕಲ್ಲುಗಳಿವೆಯೇನೋ ಎನ್ನುವ ಹಾಗೆ ಹೆಜ್ಜೆ ಇಡುತ್ತಿದ್ದಳು. ಕನಕರಾಜ ತಲೆ ಬಗ್ಗಿಸಿ ಮೊಬೈಲು ತೆಗೆದ. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅವನ ಕುರ್ಚಿ ಮೂರನೆಯ ಸಾಲಿನ ನಟ್ಟನಡುವೆ. ಎದ್ದು ಹೋಗಬೇಕೆಂದರೆ ಆರು ಜನರ ಮೊಣಕಾಲು ದಾಟಬೇಕು.

ಅವಳನ್ನು ಅವನು ಮರೆತಿರಲಿಲ್ಲ. ತುಪ್ಪದಹಾಳದ ಸುತ್ತ ಬೀಜದ ಕಂಪನಿಗಳ ಹತ್ತಿ ಹೊಲಗಳಿವೆ. ಅಲ್ಲಿ ಹೆಂಗಸರಿಗೆ ಕ್ರಾಸಿಂಗ್ ಕೆಲಸ. ಸಂಜೆ ಮೊಗ್ಗಿನ ಪಕಳೆ ಬಿಡಿಸಿ ಹೆಬ್ಬೆರಳಿನ ಉಗುರಿನಿಂದ ಒಳಗಿನ ಗಂಡು ಭಾಗವನ್ನು ಸವರಿ ತೆಗೆಯಬೇಕು. ಮಾರನೆಯ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಬೇರೆ ತಳಿಯ ಗಂಡು ಹೂ ತಂದು ಅದಕ್ಕೆ ತಿಕ್ಕಬೇಕು. ಬೆರಳು ಚುರುಕಿದ್ದವರದು ಆ ಕೆಲಸ. ಅಮರಮ್ಮನ ಗಂಡ ಕಳಕೇಶ ಹೊಲಕ್ಕೆ ಹೆಣ್ಣಾಳುಗಳನ್ನು ಕರೆದೊಯ್ಯುವ ಮೇಸ್ತ್ರಿ. ಮೂವತ್ತು ಹೆಂಗಸರಲ್ಲಿ ಅವನ ಹೆಂಡತಿಯದೇ ಮೊದಲ ಸಾಲು, ಅವಳ ಹಿಂದೆ ಉಳಿದವರು ಎಂದು ಊರಲ್ಲಿ ಮಾತಿತ್ತು. ಅಂಥವಳು ಒಂದು ದಿನ ಆಸ್ಪತ್ರೆಗೆ ಬಂದು, "ಬೆಳಿಗ್ಗಿ ಎದ್ದಕೂಡ್ಲೆ ಕೈ ಮರ ಆದಂಗ ಆಗತಾವ್ರಿ ಸರ್ರ. ಮುಟಗಿ ಹಿಡಿಯಾಕ ಬರಂಗಿಲ್ಲ. ಹತ್ತು ಹೊಡದ ಮ್ಯಾಲ ತಾವ ಸಡ್ಲ ಆಗತಾವ," ಅಂದಿದ್ದಳು. ಬಾಗಿಲಲ್ಲಿ ತೊಂಬತ್ತು ಜನ. ಅವನು ಸೂಜಿ ಬರೆದ. ಮತ್ತೆ ಬಂದಳು. ಮತ್ತೆ ಬರೆದ. ಬೆಳಿಗ್ಗೆ ಬಾರದ ಕೈ ಮಧ್ಯಾಹ್ನ ಬರುವುದೆಂದರೆ ಏನು ಎಂದು ಅವನು ಒಮ್ಮೆಯೂ ಯೋಚಿಸಲಿಲ್ಲ. ಬೆಳಗಿನ ಕೆಲಸಕ್ಕೆ ಮಾತ್ರ ಕೈ ನೋಯುವುದು ಅವನಿಗೆ ಅನುಮಾನದ ಸಂಗತಿಯಾಗಿ ಕಂಡಿತ್ತು.

ಕೊನೆಗೆ ರಕ್ತ ಪರೀಕ್ಷೆಗೆ ಬರೆದುಕೊಟ್ಟ. ಕಳಕೇಶನೇ ರಿಪೋರ್ಟು ಹಿಡಿದುಕೊಂಡು ಹೆಂಡತಿಯ ಜೊತೆ ಬಂದು ಬಾಗಿಲಲ್ಲಿ ನಿಂತ. "ಖರೇನ ಏನರ ಐತೇನ್ರಿ ಈಕಿಗೆ? ನಮ್ಮವ್ವ ದಿನಾ ಕೇಳತಾಳ," ಅಂದ. ರಿಪೋರ್ಟು ನೆಗೆಟಿವ್ ಇತ್ತು. ಕನಕರಾಜ ಅದನ್ನು ಮೇಜಿನ ಮೇಲೆ ಎಸೆದು, "ಏನೂ ಇಲ್ಲಪಾ. ಎಲ್ಲಾ ನಾರ್ಮಲ್ ಐತಿ. ಮನಸ್ಸಿಗೆ ಹಚ್ಕೊಂಡಾಳ ಅಷ್ಟ. ಇದು ಮನಸ್ಸಿನ ಬ್ಯಾನಿ," ಅಂದಿದ್ದ. ಅಂದು, ಮುಂದಿನ ಹೆಸರು ಕೂಗಿದ್ದ. ಅಮರಮ್ಮ ಮತ್ತೆ ಬರಲಿಲ್ಲ. ತವರಿಗೆ ಹೋದಳಂತೆ ಎಂದು ಆಶಾ ಕಾರ್ಯಕರ್ತೆ ಯಾವಾಗಲೋ ಹೇಳಿದ್ದು ನೆನಪಿತ್ತು. ಹೋದರೆ ಹೋದಳು ಎಂದುಕೊಂಡಿದ್ದ.

ರೇಣುಕಾ ಅವಳನ್ನು ಕುರ್ಚಿಯ ಮೇಲೆ ಕೂಡಿಸಿ ಸೆರಗಿನೊಳಗಿನ ಕೈಗಳನ್ನು ಮೆಲ್ಲಗೆ ಹೊರಗೆ ತೆಗೆದರು. ಬೆರಳುಗಳ ಬುಡದ ಕೀಲುಗಳು ಊದಿದ್ದವು. ಎಡಗೈಯ ನಡುಬೆರಳು ಮಡಚಿಕೊಂಡೇ ಇತ್ತು.

"ರಕ್ತದ ರಿಪೋರ್ಟು ನೆಗೆಟಿವ್ ಬಂತಂದ್ರ ರೋಗ ಇಲ್ಲ ಅಂತಲ್ಲ," ಅಂದರು ರೇಣುಕಾ. "ಹತ್ತು ಮಂದ್ಯಾಗ ಎರಡು ಮೂರು ಮಂದಿಗೆ ನೆಗೆಟಿವ್ವ ಬರತೈತಿ. ಕೇಳಬೇಕಾದ ಮಾತು ಒಂದ: ಬೆಳಿಗ್ಗಿ ಎದ್ದ ಮ್ಯಾಲ ಕೈ ಸಡ್ಲ ಆಗಾಕ ಎಷ್ಟೊತ್ತು ಹಿಡೀತೈತಿ? ಆಮ್ಯಾಲ ಹಸ್ತ ಹಿಂಗ ಅಡ್ಡ ಹಿಡದು ಒಂದ್ಸಲ ಅದುಮಬೇಕು. ಎಂಟು ಸೆಕೆಂಡು ಸಾಕು. ಅಮರಮ್ಮ, ಮೊದಲ ನೋಡಿದ ಡಾಕ್ಟ್ರಿಗೆ ನೀ ಬೆಳಿಗ್ಗಿ ಕೈ ಬರಂಗಿಲ್ಲಂತ ಹೇಳಿದ್ದೇನು?"

ಅಮರಮ್ಮ ತಲೆ ಎತ್ತಿದಳು. ಅಷ್ಟು ಜನ ಡಾಕ್ಟರರನ್ನು ಒಟ್ಟಿಗೆ ಕಂಡವಳ ಕಣ್ಣು ಮೊದಲನೆಯ ಸಾಲಿನಲ್ಲಿ ತಡವರಿಸಿತು, ಎರಡನೆಯದನ್ನು ದಾಟಿತು, ಮೂರನೆಯ ಸಾಲಿನ ನಡುವೆ ಬಂದು ನಿಂತಿತು. ಕನಕರಾಜ ಮೊಬೈಲನ್ನು ಮಗುಚಿ ತೊಡೆಯ ಮೇಲಿಟ್ಟ. ಈಗ ಕೈ ಮಾಡುತ್ತಾಳೆ, ಇವರೇ, ಅನ್ನುತ್ತಾಳೆ. ಅಂದರೆ ಅನ್ನಲಿ, ಮುಗಿದುಹೋಗಲಿ ಎಂದೂ ಒಂದು ಕ್ಷಣ ಅನಿಸಿತು.

"ನಾನ ಸರಿಯಾಗಿ ಹೇಳಲಿಲ್ರಿ," ಅಂದಳು ಅಮರಮ್ಮ. "ನನಗ ಹೇಳಾಕ ಬರಲಿಲ್ಲ. ಅವರದೇನೂ ತಪ್ಪಿಲ್ಲ."

ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ರೇಣುಕಾ ಅವಳ ಹೆಗಲ ಮೇಲೆ ಕೈಯಿಟ್ಟರು. ಆಮೇಲೆ, ಒಬ್ಬೊಬ್ಬರಾಗಿ ಬಂದು ಕೀಲು ಮುಟ್ಟಿ ನೋಡಿರಿ, ಪುಸ್ತಕದಲ್ಲಿ ಓದಿದ್ದು ಬೆರಳಿಗೆ ಗೊತ್ತಾಗಲಿ ಎಂದರು.

ಸಾಲು ನಿಂತಿತು. ರಫೀಕ ಮುಂದೆ, ಕನಕರಾಜ ಹಿಂದೆ. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಹೋಗಿ ಬಂದವರು ಹಾಜರಿ ಹಾಳೆಯಲ್ಲಿ ಸಹಿ ಮಾಡಬೇಕಿತ್ತು. ತನ್ನ ಸರದಿ ಬಂದಾಗ ಅವನು ಅವಳ ಬಲಗೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಬೆಚ್ಚಗಿತ್ತು. ಬೆರಳ ಬುಡದಲ್ಲಿ ಎಲುಬು ಗಟ್ಟಿಯಾಗಿ ಸಿಗಬೇಕಾದ ಕಡೆ ತೊಯ್ದ ಬಟ್ಟೆಯ ಗಂಟಿನಂತೆ ಮೆತ್ತಗೆ ಸಿಕ್ಕಿತು. ಮೆಲ್ಲಗೆ ಅದುಮಿದ. ಅವಳು ಹಲ್ಲು ಕಚ್ಚಿ ಉಸಿರೆಳೆದುಕೊಂಡಳು, ಕೈ ಮಾತ್ರ ಕೊಸರಿಕೊಳ್ಳಲಿಲ್ಲ.

"ಸಿಕ್ತೇನ್ರಿ ಸರ್ರ?" ಅಂದಳು ಸಣ್ಣಗೆ. ಆ ದನಿಯಲ್ಲಿ ಕೊಂಕಿರಲಿಲ್ಲ. ಕಳೆದುಕೊಂಡ ವಸ್ತುವನ್ನು ಜೊತೆಯಲ್ಲಿ ನಿಂತು ಹುಡುಕುವವಳ ಹಾಗೆ ಕೇಳಿದ್ದಳು.

ಅವನು ತಲೆಯಾಡಿಸಿ ಸಹಿ ಮಾಡಲು ಹೋದ.

ಊಟದ ಹೊತ್ತಿಗೆ ಅವನು ತಟ್ಟೆ ಹಿಡಿಯದೆ ಪಡಸಾಲೆಗೆ ಬಂದ. ಗೋಡೆಯ ಪಕ್ಕದ ಬೆಂಚಿನ ಮೇಲೆ ಅಮರಮ್ಮ, ಅವಳ ತಾಯಿ ಗಾಳೆಮ್ಮ ಕೂತಿದ್ದರು. ಗಾಳೆಮ್ಮ ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ, ಮಗಳ ಬಾಯಿಗೆ ಇಡುತ್ತಿದ್ದಳು. ಅಷ್ಟು ಜನ ಅದುಮಿದ ಮೇಲೆ ಆ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಅವನನ್ನು ಕಂಡು ಅಮರಮ್ಮ ಎದ್ದು ನಿಲ್ಲಲು ಹೋದಳು. ಬೆಂಚಿಗೆ ಕೈ ಊರಲಾಗದೆ ಮೊಣಕೈ ಊರಿ ಅರ್ಧ ಎದ್ದಳು.

"ಕುಂದ್ರು, ಕುಂದ್ರು," ಅಂದ ಕನಕರಾಜ. ಅವಳ ಹತ್ತಿರ ಬಂದು, "ಯಾಕ ನನ್ನ ಹೆಸರು ಹೇಳಲಿಲ್ಲ?" ಅಂದ.

ಗಾಳೆಮ್ಮ ರೊಟ್ಟಿಯ ಕೈಯನ್ನು ಅಲ್ಲಿಗೇ ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇವರ ಏನ ಅವರು?"

"ನೀ ಸುಮ್ನಿರವ್ವ," ಅಂದಳು ಮಗಳು. ಆಮೇಲೆ ಅವನ ಕಡೆ ತಿರುಗಿ, "ಹೇಳಿದ್ರ ನನಗೇನ ಬರತಿತ್ರಿ? ಅಷ್ಟು ಮಂದಿ ಮುಂದ ನಿಮ್ಮ ಮಾನ ಹೋಗತಿತ್ತು. ನನ್ನ ಕೂಸು ಬರತಿತ್ತೇನು?" ಅಂದಳು.

ಆಮೇಲೆ ಅವಳು ಹೇಳಿದ್ದು ಬಹಳ ಇರಲಿಲ್ಲ. ಏನೂ ಇಲ್ಲ ಎಂದು ಡಾಕ್ಟರೇ ಹೇಳಿದ ಮೇಲೆ ಅತ್ತೆ ಹಂಪವ್ವ, ಕೈ ನೋವೆಂದರೆ ಕಿವಿ ಮುಚ್ಚಿಕೊಂಡಳು. ಮೇಸ್ತ್ರಿಯ ಹೆಂಡತಿಯೇ ಹೊಲಕ್ಕೆ ಬಾರದಿದ್ದರೆ ಉಳಿದವರನ್ನು ಯಾವ ಬಾಯಲ್ಲಿ ಕರೆಯಲಿ ಎಂದು ಗಂಡ ದಿನಾ ಬೈಯುತ್ತಿದ್ದ. ಒಂದು ಬೆಳಿಗ್ಗೆ ಕುದಿಯುವ ಸಾರಿನ ಬೋಗುಣಿ ಕೈಜಾರಿ, ಮಗಳು ದುರ್ಗಾದೇವಿಯ ಕಾಲಿನ ಹತ್ತಿರ ಬಿತ್ತು. ಕೂಸಿಗೆ ಏನೂ ಆಗಲಿಲ್ಲ. ಆದರೆ ಬೇಕಂತಲೇ ಬೀಳಿಸಿದಳೆಂದರು. ಅವತ್ತೇ ಕಳಕೇಶ ಅವಳನ್ನು ಕುಷ್ಟಗಿ ಕಡೆಯ ತವರಿಗೆ ಬಿಟ್ಟುಬಂದ. ಏಳು ವರ್ಷದ ಮಗಳನ್ನು ಇಟ್ಟುಕೊಂಡ. ಎಂಟು ತಿಂಗಳಾಯಿತು. ಕುಷ್ಟಗಿಗೆ ತಿಂಗಳಿಗೊಮ್ಮೆ ಬರುವ ರೇಣುಕಾ ಮೇಡಂ ಶಿಬಿರದಲ್ಲಿ ಕೈ ಹಿಡಿದು ನೋಡಿದ್ದು ಮೊನ್ನೆ ಮೊನ್ನೆ.

"ನೀವು ಅಂದ್ರೆಲ್ಲ, ಮನಸ್ಸಿನ ಬ್ಯಾನಿ ಅಂತ," ಅಂದಳು ಅಮರಮ್ಮ. "ನೀವು ಅಂದು ಮರತ್ರಿ. ಅದು ನಮ್ಮ ಮನಿಯಾಗ ಹೋಗಿ ಕುಂತುಬಿಟ್ಟೈತ್ರಿ. ನಾ ಎಬ್ಬಿಸಿದ್ರ ಏಳವಲ್ದು. ನೀವ ಬಂದು ಎಬ್ಬಸ್ರಿ. ನನ್ನ ಮುಂದಲ್ಲ, ಅವರ ಮುಂದ."

ಬರೆದುಕೊಡಲೇ ಎಂದು ಕೇಳಬೇಕೆಂದುಕೊಂಡ. ಸೀಲು ಒತ್ತಿದ ಕಾಗದ, ತಪ್ಪಾಯಿತು ಎಂದು ತನ್ನ ಕೈಯಲ್ಲೇ ಬರೆದದ್ದು. ಅದು ಯಾರ ಕೈಗೆ ಹೋಗುತ್ತದೆ, ಯಾವ ಕಚೇರಿ ಮುಟ್ಟುತ್ತದೆ ಎಂಬುದು ತಲೆಯಲ್ಲಿ ಓಡಿತು. ನಾಚಿಕೆಯಾಯಿತು, ಆದರೂ ಕೇಳಲಿಲ್ಲ. "ಬರತೀನಿ. ಮನಿಗೆ ಹೋಗಿ ನಾನ ಹೇಳತೀನಿ," ಅಂದ.

ಗಾಳೆಮ್ಮ ರೊಟ್ಟಿ ಅದ್ದಿ ಮಗಳ ಬಾಯಿಗಿಟ್ಟಳು. "ತಿನ್ನು. ಬಂದಾಗ ಬರಲಿ," ಅಂದಳು.

ಸಂಜೆ ಎಲ್ಲರೂ ಬಸ್ಸು, ಕಾರು ಹಿಡಿಯಲು ಹೊರಟಾಗ ಅವನು ರೇಣುಕಾ ಅವರಿಗಾಗಿ ಕಾದು ನಿಂತ. ಅವರು ಲ್ಯಾಪ್‌ಟಾಪಿನ ವೈರು ಸುತ್ತುತ್ತಿದ್ದರು.

"ಮೇಡಂ, ಆ ಚೀಟಿ..."

"ಗೊತ್ತೈತಿ. ಬಿಳಿ ಪಟ್ಟಿ ಅಂಟಿಸಿದಾಕಿ ನಾನ."

"ಬೈದುಬಿಡ್ರಿ ಮೇಡಂ."

"ಬೈದ್ರ ನಿಮಗ ಹಗುರ ಆಗತೈತಿ. ಅದಕ್ಕ ಬೈಯಂಗಿಲ್ಲ," ಅಂದರು ಅವರು, ವೈರನ್ನು ಚೀಲಕ್ಕೆ ತುರುಕುತ್ತ. "ಆಕಿಗೆ ಗುಳಿಗಿ ಶುರು ಮಾಡೀನಿ. ವಾರಕ್ಕ ಒಂದ ದಿನ ತಗೋಬೇಕು, ಸೋಮವಾರ. ತಪ್ಪಿ ದಿನಾ ತಗೊಂಡ್ರ ಜೀವಕ್ಕ ಅಪಾಯ. ರಕ್ತ ತಿಂಗಳಾ ನೋಡಬೇಕು. ನಾನು ಹುಬ್ಬಳ್ಳ್ಯಾಗ ಕುಂತು ಅದನ್ನೆಲ್ಲಾ ನೋಡಾಕ ಆಗಂಗಿಲ್ಲ. ಹತ್ತರದ ಡಾಕ್ಟ್ರ ಯಾರ ಕಡೆ ಹೋಗತಿ ಅಂತ ಕೇಳಿದೆ. ನಿಮ್ಮ ದವಾಖಾನಿ ಹೆಸರು ಹೇಳ್ಯಾಳ."

"ನಮ್ಮದು ಆಕಿ ತವರಿಗೆ ಹತ್ತರ ಅಲ್ರಿ. ಎರಡು ಬಸ್ ಬದಲಿ ಮಾಡಬೇಕು."

"ನಾನೂ ಹಂಗ ಅಂದೆ. ಇಲ್ರಿ, ಅಲ್ಲೇ ಬರಿರಿ ಅಂದಳು."

ಭಾನುವಾರ ಮುಂಜಾನೆ ಅವನು ತುಪ್ಪದಹಾಳದ ಒಳಕೇರಿಗೆ ನಡೆದುಕೊಂಡು ಹೋದ. ಏಳು ವರ್ಷದಲ್ಲಿ ಆ ಓಣಿಗೆ ಬಂದದ್ದು ಎರಡೋ ಮೂರೋ ಸಲ, ಅದೂ ಜೀಪಿನಲ್ಲಿ. ಡಾಕ್ಟರು ನಡೆದು ಬರುವುದನ್ನು ಕಂಡು ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಹಂಪವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಕಳಕೇಶ ಅಂಗಳದಲ್ಲಿ ಔಷಧ ಹೊಡೆಯುವ ಪಂಪು ಬಿಚ್ಚಿ ಹರವಿಕೊಂಡಿದ್ದ. ಕುರ್ಚಿ ಹಾಕಿದರು, ನೀರು ಕೊಟ್ಟರು. ಒಳಬಾಗಿಲ ಹಿಂದಿನಿಂದ ಹುಡುಗಿಯೊಂದು ಇಣುಕಿ ನೋಡುತ್ತಿತ್ತು.

ಹೇಳಬೇಕಾದ್ದನ್ನು ಅವನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಬಾಯಿ ತೆರೆದಾಗ ಜೋಡಿಸಿದ್ದೆಲ್ಲ ಚೆದುರಿತು. "ಅಮರಮ್ಮಗ ಖರೇನ ರೋಗ ಐತಿ. ಆಕಿ ಸುಳ್ಳು ಹೇಳಿಲ್ಲ. ಬೋಗುಣಿ ಬಿದ್ದದ್ದೂ ಬೇಕಂತ ಅಲ್ಲ, ಬೆಳಿಗ್ಗಿ ಹೊತ್ತು ಆಕಿ ಕೈಯಾಗ ಹಿಡಿತ ಇರಂಗಿಲ್ಲ. ಅವತ್ತು ನಾನು ಹೇಳಿದ್ದು ತಪ್ಪು," ಅಂದ.

ಮೊರದ ಸದ್ದು ನಿಂತಿತು.

"ಅವತ್ತು ಏನಿಲ್ಲ ಅಂದಾವ್ರೂ ನೀವ," ಅಂದಳು ಹಂಪವ್ವ. "ಇವತ್ತು ಐತಿ ಅನ್ನಾವ್ರೂ ನೀವ. ನಾವು ಯಾವುದನ್ನ ಹಿಡೀಬೇಕ್ರಿ ಸಾಹೇಬ್ರ?"

"ಇವತ್ತಿಂದು ಹಿಡೀರಿ. ಅವತ್ತು ನಾನು ಸರಿಯಾಗಿ ನೋಡಿರಲಿಲ್ಲ."

ಕಳಕೇಶ ಕೈಗೆ ಹತ್ತಿದ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಹತ್ತಿರ ಬಂದ. ಸಿಟ್ಟು ಬರುತ್ತದೆಂದು ಕನಕರಾಜ ಕಾದಿದ್ದ. ಸಿಟ್ಟಿಗಿಂತ ಹೆಚ್ಚಾಗಿ ಅವನ ಮುಖದಲ್ಲಿ ಗಾಬರಿಯಿತ್ತು. "ಅವತ್ತಿಂದ ನಾನು ಕಂಡಕಂಡವರ ಮುಂದ ಹೇಳೀನ್ರಿ, ಡಾಕ್ಟ್ರ ಹೇಳ್ಯಾರ, ಆಕಿಗೇನಾಗಿಲ್ಲ ಅಂತ. ಹೊಲದಾಗ ಹೇಳೀನಿ. ಬೀಗರ ಮುಂದ ಹೇಳೀನಿ. ಹಿರ್‍ಯಾರನ್ನ ಕೂಡಿಸಿ ಹೇಳೀನಿ. ಈಗ ಮತ್ತ ಅವರ ಮನಿ ಬಾಗಲಿಗೆಲ್ಲಾ ಹೋಗಿ ಏನಂತ ಹೇಳ್ಲಿ?"

"ನಾನ ಬಂದು ಹೇಳತೀನಿ."

"ನೀವು ವರ್ಗ ಆಗಿ ಹೋಗತೀರಿ. ಊರಾಗ ಇರಾಂವ ನಾನು." ಅವನು ಪಂಪಿನ ಕಡೆ ತಿರುಗಿದ. "ಆಕಿ ಅಲ್ಲೇ ಇರಲಿ. ಔಷಧ ತಗೊಳ್ಳಲಿ, ಬ್ಯಾಡ ಅಂದಾವ್ರ್ಯಾರು? ಕೂಸು ಇಲ್ಲೇ ಇರತೈತಿ."

ಕನಕರಾಜ ಏಳಲು ಹೋದಾಗ ಹಂಪವ್ವ ಮೊರವನ್ನು ಪಕ್ಕಕ್ಕಿಟ್ಟು ತನ್ನ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. ಬೆರಳ ತುದಿಯ ಕೀಲುಗಳಲ್ಲಿ ಹುಣಸೆಬೀಜ ಇಟ್ಟು ಹೊಲಿದಂತೆ ಗಂಟುಗಳು. "ಇವೂ ಕೈ ಅಲ್ಲೇನ್ರಿ? ಇವನ್ನ ಕಟ್ಕೊಂಡ ನಾನು ದುಡದಿಲ್ಲೇನು? ಯಾರರ ಮುಂದ ಅತ್ತೀನೇನು?"

"ಇದು ಸವೆತ, ಹಂಪವ್ವ. ವಯಸ್ಸಾದಂಗ ದುಡದ ಕೈಗೆ ಬರೂದು. ಆಕೀದು ಬ್ಯಾರೆ. ಒಳಗಿನ ರೋಗ. ಸುಮ್ನ ಬಿಟ್ರ ಕೀಲನ್ನ ತಿಂದುಬಿಡತೈತಿ."

"ಆಕೀದು ರೋಗ. ನಂದು ವಯಸ್ಸು." ಅವಳು ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು. "ಮೊದಲನೇ ಗಂಟು ಬಂದಾಗ ಈ ಕಳಕೇಶ ಇನ್ನೂ ಎದಿಹಾಲು ಕುಡೀತಿದ್ದ. ಆವಾಗ ಎಲ್ಲಿತ್ರಿ ವಯಸ್ಸು?"

ಅಷ್ಟು ಚಿಕ್ಕ ವಯಸ್ಸಿಗೆ ಬಂದಿದ್ದರೆ, ಇದೂ ತಾನು ಅಂದ ಹಾಗೆ ಬರೀ ಸವೆತವಲ್ಲವೇನೋ ಎಂದು ಅವನಿಗೆ ಅನಿಸಿತು. ಈ ಕೈಯನ್ನೂ ಮುಟ್ಟದೆಯೇ ಹೇಳಿದ್ದೆ ಎಂಬುದು ಆಗ ಅರಿವಿಗೆ ಬಂತು. ದವಾಖಾನೆಗೆ ಬನ್ನಿ, ಸರಿಯಾಗಿ ನೋಡುತ್ತೇನೆ ಎಂದ. "ನನಗೇನ ಆಗೇತಿ," ಎಂದು ಹಂಪವ್ವ ಮೊರವನ್ನು ಮತ್ತೆ ಮಡಿಲಿಗೆಳೆದುಕೊಂಡಳು.

ಮುಂದಿನ ಸೋಮವಾರದಿಂದ ಲೆಕ್ಕ ಹಿಡಿದರೆ ಸರಿಯಾಗಿ ತಿಂಗಳಿಗೊಮ್ಮೆ ಅಮರಮ್ಮ ಬಂದಳು. ಬೆಳಗಿನ ಕೈ ಸಡಿಲಾಗುವ ಮುಂಚೆಯೇ ತವರು ಬಿಟ್ಟು, ಎರಡು ಬಸ್ಸು ಬದಲಿಸಿ, ಹತ್ತೂವರೆಯ ಹೊತ್ತಿಗೆ ತುಪ್ಪದಹಾಳದ ನಿಲ್ದಾಣದಲ್ಲಿ ಇಳಿಯುತ್ತಿದ್ದಳು. ಆಸ್ಪತ್ರೆಗೆ ಹಿಂದಿನಿಂದ ಹತ್ತಿರದ ದಾರಿಯಿದ್ದರೂ ಊರ ಅಗಸೆಬಾಗಿಲ ಮುಂದೆ, ಹೋಟೆಲಿನ ಮುಂದೆ, ಹಾಲಿನ ಡೇರಿಯ ಮುಂದೆ ಹಾದು ಬರುತ್ತಿದ್ದಳು. ರಕ್ತ ತೆಗೆಸಿ, ಗುಳಿಗೆಯ ಪೊಟ್ಟಣವನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಅದೇ ದಾರಿಯಲ್ಲಿ ಹೋಗುತ್ತಿದ್ದಳು.

"ಅಷ್ಟು ದೂರದಿಂದ ಇಲ್ಲೇ ಯಾಕ ಬರತೀ?" ಎಂದು ಮೊದಲ ತಿಂಗಳು ಅವನು ಕೇಳಿದ್ದ.

"ಊರ ಮಂದಿ ನೋಡಲಿ ಅಂತ್ರಿ," ಅಂದಿದ್ದಳು. "ನೀವೂ ನೋಡಲಿ ಅಂತ."

ಆ ಔಷಧ ಅವನ ಆಸ್ಪತ್ರೆಗೆ ಬರುತ್ತಿರಲಿಲ್ಲ. ಕೊಪ್ಪಳಕ್ಕೆ ಬರೆದ, ಮತ್ತೆ ಬರೆದ. ಕೊನೆಗೆ ತಾನೇ ಹೋಗಿ ಕೂತು ಇಸಿದುಕೊಂಡು ಬಂದ. ಮೂರು ತಿಂಗಳಿಗಾಗುವಷ್ಟು ಕೊಟ್ಟರು. ಮುಂದಿನದು ಮುಂದೆ ನೋಡೋಣ ಎಂದರು. ಈಗ ಬಾಗಿಲಲ್ಲಿ ನಿಂತ ಪ್ರತಿಯೊಬ್ಬ ಹೆಂಗಸಿನ ಕೈಯನ್ನೂ ಅವನು ಅದುಮಿ ನೋಡುತ್ತಿದ್ದ. ಸಾಲು ಕರಗುತ್ತಿರಲಿಲ್ಲ. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಹೋಯಿತು. ಡಾಕ್ಟರು ಮೊದಲಿನ ಹಾಗೆ ಲಗೂನ ಬರೆದು ಕಳಿಸುವುದಿಲ್ಲ ಎಂದು ಜನ ಗೊಣಗಿದರು. ಹೀಗೆ ಸಿಕ್ಕವರು ಇನ್ನೂ ನಾಲ್ವರು. ಅವರೆಲ್ಲರನ್ನೂ ತಾನು ಮೊದಲೂ ನೋಡಿದ್ದೆ ಎಂಬುದಕ್ಕೆ ಹಳೆಯ ಚೀಟಿಗಳಿದ್ದವು. ವರ್ಗದ ಅರ್ಜಿ ಬರೆಯಲು ಕೂತಾಗಲೆಲ್ಲ ಆ ಐದು ಜನರ ಸೋಮವಾರಗಳು ಅವನ ಮುಂದೆ ಬಂದು ನಿಲ್ಲುತ್ತಿದ್ದವು.

ಎರಡನೆಯ ತಿಂಗಳು ಅಮರಮ್ಮ ಶಾಲೆಯ ಕಾಂಪೌಂಡಿನ ಹೊರಗೆ ಹೋಗಿ ನಿಂತಿದ್ದಳು. ಯಾರೋ ಕಳಕೇಶನಿಗೆ ಫೋನು ಮಾಡಿದರು. ಅವನು ಹೊಲದಿಂದ ಗಾಡಿ ಹೊಡೆದುಕೊಂಡು ಬಂದು, ಬಾಯಿಗೆ ಬಂದಂತೆ ಬೈದು, ಕೂಸನ್ನು ಹೊರಗೆ ಬಿಡಬೇಡಿರೆಂದು ಹೆಡ್‌ಮಾಸ್ತರರಿಗೆ ಹೇಳಿ ಹೋದನಂತೆ. ಅವತ್ತು ಅವಳು ಬಸ್ಸು ಬರುವವರೆಗೂ ಆಸ್ಪತ್ರೆಯ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕನಕರಾಜ ಎರಡು ಸಲ ಎದ್ದು ಬಾಗಿಲಿಗೆ ಬಂದು, ಮತ್ತೆ ಒಳಗೆ ಹೋಗಿದ್ದ.

ಮೂರನೆಯ ತಿಂಗಳ ಸೋಮವಾರ ಅವಳ ರಿಪೋರ್ಟು ಚೆನ್ನಾಗಿತ್ತು. ಬಾವು ಇಳಿದಿತ್ತು. ಮುಷ್ಟಿ ಹಿಡಿ ಎಂದಾಗ ಬಲಗೈ ಪೂರ್ತಿ ಮುಚ್ಚಿತು; ಎಡಗೈಯ ನಡುಬೆರಳು ಮಾತ್ರ ಇದ್ದಲ್ಲೇ ಇತ್ತು.

"ಇದು?" ಅಂದಳು.

"ಅದು ನೆಟ್ಟಗ ಆಗಂಗಿಲ್ಲ, ಅಮರಮ್ಮ. ತಡ ಆತು."

ಅವಳು ಆ ಬೆರಳನ್ನೇ ನೋಡಿದಳು. "ಗುಳಿಗಿ ಇನ್ನ ಎಷ್ಟು ದಿನ್ರಿ?"

"ಭಾಳ ವರ್ಷ. ಜೀವನ ಪೂರ್ತೀ ಆದ್ರೂ ಆದೀತು."

"ಆತ್ರಿ," ಎಂದು ಅವಳು ಹೊರಗೆ ಹೋಗಿ, ಗುಳಿಗೆ ಕೊಡುವ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತಳು. ಬಾಗಿಲ ಪರದೆ ಸರಿದಾಗಲೆಲ್ಲ ಅವಳ ಅರ್ಧ ಬೆನ್ನು ಕಾಣುತ್ತಿತ್ತು.

ಅವನು ಮುಂದಿನ ಹೆಸರು ಕೂಗುವ ಮುಂಚೆಯೇ ಪರದೆ ತಳ್ಳಿಕೊಂಡು ಹಂಪವ್ವ ಬಂದಳು. ಸಾಲಿನಲ್ಲಿದ್ದವರು ಗದ್ದಲ ಮಾಡುತ್ತಿದ್ದರು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ ಸ್ಟೂಲಿನ ಮೇಲೆ ಕೂತಳು. ಓಣಿಯಿಂದ ಬಿರುಬಿರನೆ ನಡೆದು ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು.

"ಕೂಸಿಗೆ ಕೆಮ್ಮು ಅಂತ ಸಾಲಿಯಿಂದ ಕರಕೊಂಡ ಬಂದೀನ್ರಿ," ಅಂದಳು.

"ಎಲ್ಲೈತಿ ಕೂಸು?"

"ಹೊರಗ ಗುಳಿಗಿ ಕಿಟಕಿ ಬಾಜೂ ಬೆಂಚಿನ ಮ್ಯಾಲ ಕುಂದ್ರಿಸೀನಿ."

ಹೊರಗಿನ ಗದ್ದಲ ಒಮ್ಮೆಲೇ ಕಡಿಮೆಯಾಯಿತು. ಕನಕರಾಜ ಪರದೆಯ ಕಡೆ ನೋಡಿದ. "ಒಳಗ ಕರೀರಿ, ನೋಡತೀನಿ."

"ಕೂಸಿಗೇನೂ ಆಗಿಲ್ಲ." ಹಂಪವ್ವ ಎರಡೂ ಕೈಗಳನ್ನು ಮೇಜಿನ ಮೇಲೆ, ಅವನ ಚೀಟಿಗಳ ಮೇಲೆಯೇ, ಹರವಿ ಇಟ್ಟಳು. "ನನ್ನ ಕೈ ನೋಡ್ರಿ. ಸಾವಕಾಶ ನೋಡ್ರಿ. ಹನ್ನೆರಡರ ತನಕ ಕುಷ್ಟಗಿ ಬಸ್ ಇಲ್ಲ."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಕಾಲು. ಕನಕರಾಜ ಪೆನ್ನು ಕೆಳಗಿಟ್ಟ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಅವಳ ಎಡಗೈಯನ್ನು ಹಿಡಿದು, ಕಿರುಬೆರಳಿನ ತುದಿಯ ಗಂಟಿನಿಂದ ಶುರು ಮಾಡಿದ.